ಉಪ್ಪುಗಾಳಿಯ ಊರಲ್ಲಿ ಕಾರು ರಿಪೇರಿ: ಮನೆಯಲ್ಲಿ ಇರಬೇಕಾದ ಹತ್ಯಾರುಗಳು

ಜುಲೈ ತಿಂಗಳ ಒಂದು ಸಂಜೆ ಕಾಪುವಿನಿಂದ ಉಡುಪಿಗೆ ಬರುವಾಗ ಕಟಪಾಡಿ ಹತ್ತಿರ ನಮ್ಮ ಕಾರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಧೋ ಎಂದು ಮಳೆ. ಡಿಕ್ಕಿಯಲ್ಲಿ ಸ್ಟೆಪ್ನಿ ಉಂಟು, ಜಾಕಿ ಉಂಟು, ಕಾರಿನ ಜತೆ ಬಂದ ಸ್ಪ್ಯಾನರೂ ಉಂಟು, ಹಾಗಾಗಿ ಹೆದರಿಕೆ ಇರಲಿಲ್ಲ. ನಾಲ್ಕು ನಟ್ಟಿನಲ್ಲಿ ಮೂರು ಬಿಚ್ಚಿ ಬಂದವು. ನಾಲ್ಕನೆಯದು ಮಿಸುಕಲಿಲ್ಲ. ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಇಡೀ ಮೈಭಾರ ಹಾಕಿದೆ. ಕರ್ರ್ ಎಂದು ಶಬ್ದ ಬಂತು. ಸದ್ಯ, ತಿರುಗಿತಲ್ಲ ಎಂದುಕೊಂಡು ಬಗ್ಗಿ ನೋಡಿದರೆ ನಟ್ಟು ಇದ್ದಲ್ಲೇ ಇತ್ತು. ಅದರ ಮೂಲೆಗಳು ಸವೆದು ಗುಂಡಗಾಗಿದ್ದವು.

ಫೋನ್ ಮಾಡಿದ ಮೇಲೆ ಬೈಕಿನಲ್ಲಿ ಬಂದ ಮೆಕ್ಯಾನಿಕ್ ಟಾರ್ಚ್ ಬಿಟ್ಟು ನೋಡಿ, "ಇದನ್ನು ಗಾಳಿ ಗನ್ನಿನಲ್ಲಿ ಬಿಗಿ ಮಾಡಿದ್ದಾರೆ ಮಾರಾಯ್ರೆ. ನಿಮ್ಮ ಈ ಸ್ಪ್ಯಾನರಿನಲ್ಲಿ ಆಗ್ಲಿಕ್ಕಿಲ್ಲ" ಎಂದರು. ಒಂದು ಸೈಜು ಸಣ್ಣದಾದ ಸಾಕೆಟನ್ನು (ನಟ್ಟಿನ ಮೇಲೆ ಟೋಪಿಯ ಹಾಗೆ ಕೂರುವ ಹತ್ಯಾರು) ಸುತ್ತಿಗೆಯಲ್ಲಿ ಬಡಿದು ನಟ್ಟಿನ ಮೇಲೆ ಕೂರಿಸಿದರು, ಎರಡಡಿ ಉದ್ದದ ರಾಡ್ ಸಿಕ್ಕಿಸಿ ಒಂದೇ ಎಳೆತ ಎಳೆದರು. ನಟ್ಟು ಬಂತು, ಚಕ್ರ ಬರಲಿಲ್ಲ. ತುಕ್ಕು ಹಿಡಿದು, ಅದು ಕೂರುವ ನಡುವಿನ ಲೋಹದ ಭಾಗಕ್ಕೆ, ಅಂದರೆ ಹಬ್ಬಿಗೆ, ಅಂಟಿಕೊಂಡಿತ್ತು. ಸ್ಟೆಪ್ನಿಯನ್ನು ಕಾರಿನ ಅಡಿಗೆ ಮಲಗಿಸಿ, ಜಾಕಿ ಜಾರಿದರೂ ಕಾರು ನೆಲಕ್ಕೆ ಕೂರದ ಹಾಗೆ ಮಾಡಿದ ಮೇಲಷ್ಟೇ ಅವರು ಟೈರಿಗೆ ಎಡಕ್ಕೂ ಬಲಕ್ಕೂ ಹಿಮ್ಮಡಿಯಿಂದ ಒದ್ದದ್ದು. ಐದಾರು ಒದೆತಕ್ಕೆ ಚಕ್ರ ಬಿಟ್ಟುಕೊಂಡಿತು.

ಆಮೇಲಿನ ವರ್ಷಗಳಲ್ಲಿ ನಾನು ಒಂದೊಂದಾಗಿ ಹತ್ಯಾರು ಕೊಂಡದ್ದು ಆ ಸಂಜೆಯ ಪಾಠದ ಮೇಲೆ. ಮನೆಯಲ್ಲೇ ಕಾರಿನ ಕೆಲಸ ಮಾಡಿಕೊಳ್ಳಲು ಏನೇನು ಬೇಕು ಎಂದು ಹುಡುಕಿದರೆ ನೂರೆಂಟು ತುಂಡಿನ ಪೆಟ್ಟಿಗೆಗಳ ಪಟ್ಟಿ ಸಿಗುತ್ತದೆ. ಅವು ಸುಳ್ಳಲ್ಲ, ಆದರೆ ಒಣ ಹವೆಯ ಊರಿಗೆ ಮಾಡಿದ ಪಟ್ಟಿಗಳು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಪಕ್ಕದಲ್ಲೇ ಸಮುದ್ರ. ಅಲೆಯ ಸಿಂಚನ ನೇರ ಗಾಜಿಗೆ ಬೀಳುತ್ತದೆ. ಪಣಂಬೂರು, ಮಲ್ಪೆಯ ಹತ್ತಿರ ಮನೆ ಇದ್ದವರ ಕಾರು ನಿಂತಲ್ಲೇ ಉಪ್ಪು ತಿನ್ನುತ್ತದೆ. ಇಲ್ಲಿ ಮನೆ ರಿಪೇರಿ ಕೆಡುವುದು ಹೆಚ್ಚಾಗಿ ತಿಳಿವಳಿಕೆ ಸಾಲದೆ ಅಲ್ಲ, ಬೋಲ್ಟು ಬಿಚ್ಚಲಾಗದೆ. ಹಾಗಾಗಿ ಇಲ್ಲಿನ ಹತ್ಯಾರಿಗೆ ಎರಡು ಗುಣ ಬೇಕು: ಹಿಡಿದದ್ದು ಜಾರಬಾರದು, ಬಿಗಿ ಮಾಡಿದ್ದು ಎಷ್ಟು ಎಂದು ಗೊತ್ತಿರಬೇಕು.

ತುಕ್ಕು ಹಿಡಿದ ಬೋಲ್ಟಿನ ಒಳಗೆ ಏನಾಗಿರುತ್ತದೆ

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಾಗಿದರೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಬೇಗ ಬೇಗ ಸಾಗುತ್ತದೆ. ಮುಖ್ಯ ಸಂಗತಿ ಇನ್ನೊಂದು ಉಂಟು: ತುಕ್ಕಾದ ಕಬ್ಬಿಣ ಮೊದಲಿನ ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ನಟ್ಟಿನ ಮರೆಗೂ (ಸುರುಳಿ ಗೆರೆಗೂ) ಬೋಲ್ಟಿನ ಮರೆಗೂ ನಡುವೆ ಕೂದಲೆಳೆಯ ಸಂದು ಇರುತ್ತದಲ್ಲ, ತುಕ್ಕು ಉಬ್ಬಿ ಅದನ್ನು ತುಂಬಿ ಬೆಣೆ ಹೊಡೆದ ಹಾಗೆ ಬಿಗಿದುಬಿಡುತ್ತದೆ. ಬರೀ ಬಲದಲ್ಲಿ ತಿರುಗಿಸಿದರೆ ಮೂಲೆ ಸವೆಯುತ್ತದೆ, ಇಲ್ಲವೇ ಬೋಲ್ಟು ತುಂಡಾಗುತ್ತದೆ.

ಇದಕ್ಕೆ ಮೊದಲ ಮದ್ದು ಡಬ್ಬಿಯಲ್ಲಿ ಸಿಗುವ, ತುಕ್ಕು ಸಡಿಲಿಸುವ ತೆಳು ಎಣ್ಣೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ ಈ ತೆಳು ಎಣ್ಣೆ ಸಂದಿನೊಳಗೆ ತಾನಾಗಿ ಇಳಿಯುತ್ತದೆ, ಆದರೆ ಅದಕ್ಕೆ ಹೊತ್ತು ಬೇಕು. ಸಿಂಪಡಿಸಿ ಎರಡು ನಿಮಿಷದಲ್ಲಿ ಸ್ಪ್ಯಾನರ್ ಹಾಕುವವರೇ ಹೆಚ್ಚು. ಹಿಂದಿನ ರಾತ್ರಿ ಸಿಂಪಡಿಸಿ, ಬೋಲ್ಟಿನ ತಲೆಗೆ ಸುತ್ತಿಗೆಯಲ್ಲಿ ಹಗುರಾಗಿ ನಾಲ್ಕು ಏಟು ಕೊಟ್ಟು, ಬೆಳಿಗ್ಗೆ ಇನ್ನೊಮ್ಮೆ ಸಿಂಪಡಿಸಿ ಬಿಚ್ಚಬೇಕು. ಏಟಿನ ಅದುರಿಗೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಎಲ್ಲ ಅಂಗಡಿಯಲ್ಲೂ ಸಿಗುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದಲ್ಲಿ, ಕ್ಷಿಪಣಿಯ ಮೈಗೆ ನೀರು ತಾಗಿ ತುಕ್ಕು ಹಿಡಿಯದಿರಲೆಂದು. ನೀರನ್ನು ಪಕ್ಕಕ್ಕೆ ಸರಿಸುವುದು ಅದರ ಮೂಲ ಕೆಲಸ. ಹೆಸರಿನ 40 ಎಂದರೆ ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ ಮಿಶ್ರಣ. ಸಾಧಾರಣ ತುಕ್ಕಿಗೆ ಅದು ಸಾಕು. ವರ್ಷಗಟ್ಟಲೆ ಕೈ ಹಾಕದ ಬೋಲ್ಟಿಗೆ, ಬಿಚ್ಚುವುದಕ್ಕೆಂದೇ ಮಾಡಿದ ಎಣ್ಣೆಗಳು ಹೆಚ್ಚು ಒಳ್ಳೆಯದು. ಬ್ರೇಕ್ ಪ್ಯಾಡಿಗೂ ಡಿಸ್ಕಿಗೂ ಮಾತ್ರ ಇದರ ಒಂದು ಹನಿಯೂ ತಾಗಬಾರದು.

ಎರಡನೆಯ ಮದ್ದು ಸರಿಯಾದ ಸಾಕೆಟ್. ಗ್ಯಾರೇಜಿನವರು ಬಾಕ್ಸ್ ಎನ್ನುತ್ತಾರೆ. ಅಂಗಡಿಯಲ್ಲಿ ಸಾಕೆಟ್ ಸೆಟ್ ಕೇಳಿದರೆ ಹನ್ನೆರಡು ಮೂಲೆಯದನ್ನು ಕೊಡುವುದುಂಟು. ಅದನ್ನು ಯಾವ ಕೋನದಲ್ಲಿ ಬೇಕಾದರೂ ಬೇಗ ಕೂರಿಸಬಹುದು, ಆದರೆ ಅದು ಒತ್ತುವುದು ಬೋಲ್ಟಿನ ಮೂಲೆಯ ತುದಿಯನ್ನೇ. ಆರು ಮೂಲೆಯದು ಮೂಲೆಯಿಂದ ಒಂದಿಷ್ಟು ಒಳಗೆ, ಚಪ್ಪಟೆ ಬದಿಯ ಮೇಲೆ ಒತ್ತುತ್ತದೆ. ಒಂದು ಸಾಕೆಟನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ಒಳಗೆ ನೋಡಿ: ಆರು ಮೂಲೆಯದರಲ್ಲಿ ಬದಿಗಳು ಅಗಲ ಗೋಡೆಯ ಹಾಗೆ ಕಾಣುತ್ತವೆ, ಹನ್ನೆರಡರದ್ದು ಹಲಸಿನ ಮುಳ್ಳಿನ ಹಾಗೆ ಮೊನಚು ಮೊನಚು. ತುಕ್ಕು ತಿಂದು ಮೂಲೆ ಅರ್ಧ ಹೋದ ಬೋಲ್ಟಿಗೆ ಯಾವುದು ಹಿಡಿದೀತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಕರಾವಳಿಯವರು ಆರು ಮೂಲೆಯದನ್ನೇ ಕೇಳಿ ಕೊಳ್ಳಿ, ಇಲ್ಲ ಎಂದರೆ ಇನ್ನೊಂದು ಅಂಗಡಿಗೆ ಹೋಗಿ. ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿ ಸಾಕೆಟನ್ನೂ ಕೇಳಿ ನೋಡಬಹುದು.

ಸೈಜು ಎಷ್ಟು ಬೇಕು? ನಮ್ಮ ರಸ್ತೆಯಲ್ಲಿ ಓಡುವ ಕಾರುಗಳ ಬಹುಪಾಲು ಕೆಲಸ 8, 10, 12, 14, 17, 19 ಮತ್ತು 21 ಮಿಲಿಮೀಟರಿನಲ್ಲಿ ಮುಗಿಯುತ್ತದೆ. ಇದಕ್ಕೆ 13 ಸೇರಿಸಿಕೊಳ್ಳಿ. ಬ್ಯಾಟರಿ, ಏರ್ ಫಿಲ್ಟರ್, ಇಗ್ನಿಷನ್ ಕಾಯಿಲ್ ಮುಂತಾದ ಸಣ್ಣ ಕೆಲಸಕ್ಕೆಲ್ಲ 10 ಅತಿ ಹೆಚ್ಚು ಬೇಕಾಗುತ್ತದೆ, ಎರಡು ಇಟ್ಟುಕೊಂಡರೆ ದಂಡವಿಲ್ಲ. ಚಕ್ರದ ನಟ್ಟು ಮಾರುತಿಯಲ್ಲಿ ಸಾಮಾನ್ಯವಾಗಿ 19, ಹ್ಯುಂಡೈ ಮತ್ತು ಟೊಯೊಟಾದಲ್ಲಿ 21. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ನಟ್ಟಿನ ಬದಲು 17ರ ಬೋಲ್ಟು. ಆ ಕಾರುಗಳಿಗೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ಟುಗಳೂ ಬೇಕಾಗುತ್ತವೆ. ಕೊಳ್ಳುವ ಮುಂಚೆ ನಿಮ್ಮ ಕಾರಿನದ್ದೇ ನೋಡಿಕೊಳ್ಳಿ. ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಿಡಿಗೆ ರ್‍ಯಾಚೆಟ್ ಎನ್ನುತ್ತಾರೆ; ಸಾಕೆಟ್ ಕೂರುವ ಚೌಕ ತುದಿ ಅರ್ಧ ಇಂಚಿನದ್ದು ಒಂದು, ಕಾಲು ಇಂಚಿನದ್ದು ಒಂದು, ಜತೆಗೆ ಒಂದು ಬದಿ ರಿಂಗ್ ಇನ್ನೊಂದು ಬದಿ ಬಾಯಿ ಇರುವ ಸ್ಪ್ಯಾನರುಗಳು. ತೆರೆದ ಬಾಯಿಯ ಕಡೆಯಿಂದ ಬಿಗಿ ಬೋಲ್ಟು ಬಿಚ್ಚಲು ಹೋಗಬೇಡಿ, ಅದು ಎರಡೇ ಬದಿ ಹಿಡಿಯುವುದು. ಸಡಿಲಾದ ಮೇಲೆ ಬೇಗ ತಿರುಗಿಸಲು ಅದು.

ಸ್ಕ್ರೂ ಡ್ರೈವರಿನ ವಿಷಯದಲ್ಲೂ ಹೀಗೆಯೇ ಒಂದು ಸೂಕ್ಷ್ಮ ಉಂಟು. ಪ್ಲಸ್ ಎಂದು ನಾವು ಕರೆಯುವ ತಿರುಪುಗಳಲ್ಲಿ ಎರಡು ಜಾತಿ: ಅಮೆರಿಕದ ಫಿಲಿಪ್ಸ್ ಮತ್ತು ಜಪಾನಿನ ಮಾನದಂಡದ ಜೆಐಎಸ್. ಕಣ್ಣಿಗೆ ಒಂದೇ ತರ ಕಂಡರೂ ಒಳಗಿನ ಕೋನ ಬೇರೆ. ಜಪಾನ್ ಮೂಲದ ಕಾರುಗಳಲ್ಲಿ ಜೆಐಎಸ್ ತಿರುಪು ಸಿಗುತ್ತದೆ, ಎಷ್ಟೋ ಸಲ ಅದರ ತಲೆಯಲ್ಲಿ ಒಂದು ಸಣ್ಣ ಚುಕ್ಕಿ ಇರುತ್ತದೆ. ಅದಕ್ಕೆ ಫಿಲಿಪ್ಸ್ ಹಾಕಿ ತಿರುಗಿಸಿದರೆ ತುದಿ ಮೇಲೆದ್ದು ಜಾರಿ ತಿರುಪಿನ ತಲೆ ಹಾಳಾಗುತ್ತದೆ.

ಎಷ್ಟು ಬಲ, ಎಷ್ಟು ಬಿಗಿ

ಹಾರೆ ಹಾಕಿ ಕಲ್ಲು ಎಬ್ಬಿಸುವವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ: ಹಿಡಿ ಉದ್ದವಾದಷ್ಟೂ ಬಲ ಕಡಿಮೆ ಸಾಕು. ಬೋಲ್ಟಿನ ಮೇಲೆ ಬೀಳುವ ತಿರುಚು ಬಲಕ್ಕೆ ಟಾರ್ಕ್ ಎನ್ನುತ್ತಾರೆ. ನೀವು ಹಾಕಿದ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದರೆ ಅದು ಸಿಗುತ್ತದೆ. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 40 ಕೆಜಿಯಷ್ಟು ಬಲ ಹಾಕಿದರೆ ಸುಮಾರು 98 ನ್ಯೂಟನ್ ಮೀಟರ್. ಹೆಚ್ಚಿನ ಕಾರುಗಳ ಚಕ್ರದ ನಟ್ಟಿಗೆ ಬೇಕಾದದ್ದು 85ರಿಂದ 120ರ ಒಳಗೆ. ನಿಖರ ಅಂಕಿ ಕಾರಿನ ಕೈಪಿಡಿಯಲ್ಲಿ ಉಂಟು. 70 ಕೆಜಿಯ ಮನುಷ್ಯ ಅದೇ ಸ್ಪ್ಯಾನರಿನ ತುದಿಯ ಮೇಲೆ ನಿಂತರೆ 170 ದಾಟುತ್ತದೆ. ಟೈರ್ ಅಂಗಡಿಯ ಗಾಳಿ ಗನ್ನನ್ನು ಮನಸ್ಸಿಗೆ ಬಂದಷ್ಟು ಹೊತ್ತು ಒತ್ತಿದರೆ 300ನ್ನೂ ದಾಟಬಹುದು. ಕಟಪಾಡಿಯಲ್ಲಿ ನನ್ನ ಮೈಭಾರ ಯಾಕೆ ಸಾಲಲಿಲ್ಲ, ಎರಡಡಿ ರಾಡ್ ಯಾಕೆ ಸಾಕಾಯಿತು ಎನ್ನುವುದಕ್ಕೆ ಲೆಕ್ಕ ಇಷ್ಟೇ.

ಆದ್ದರಿಂದ ಬಿಚ್ಚಲು ಅರ್ಧ ಇಂಚಿನ, ಎರಡಡಿ ಉದ್ದದ ಬ್ರೇಕರ್ ಬಾರ್, ಅಂದರೆ ಸಾಕೆಟ್ ಸಿಕ್ಕಿಸುವ ಗಟ್ಟಿ ರಾಡ್. ಬಿಗಿ ಮಾಡಲು ಟಾರ್ಕ್ ರೆಂಚ್. ಈ ಎರಡನ್ನೂ ಅದಲು ಬದಲು ಮಾಡಬಾರದು. ಟಾರ್ಕ್ ರೆಂಚಿನ ಹಿಡಿಯಲ್ಲಿ ಬೇಕಾದ ಅಂಕಿ ಕೂರಿಸಿ ಎಳೆದರೆ ಅಷ್ಟು ಬಲ ಬಂದ ಕೂಡಲೇ 'ಟಕ್' ಎನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಸಲ ಟಕ್ ಅನ್ನಿಸೋಣ ಎಂದು ಎಳೆದರೆ ಲೆಕ್ಕ ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಅಂಕಿಯನ್ನು ಕೆಳಗಿನ ಗೆರೆಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇದ್ದು ಸೋಲುತ್ತದೆ. ಮನೆಯ ಹತ್ಯಾರುಗಳಲ್ಲಿ ದುಡ್ಡು ಉಳಿಸಬಾರದ ವಸ್ತು ಇದು ಎಂದು ನನ್ನ ಗಟ್ಟಿ ಅಭಿಪ್ರಾಯ. ಚಕ್ರಕ್ಕೆ ಮಾತ್ರ ಅಲ್ಲ, ಆಯಿಲ್ ಬಿಡುವ ಡ್ರೈನ್ ಬೋಲ್ಟಿಗೆ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ ಸಾಕು. ಆಯಿಲ್ ಸಂಪ್ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಅಲ್ಯೂಮಿನಿಯಂನದ್ದಾಗಿದ್ದರೆ, ಇನ್ನೂ ಸ್ವಲ್ಪ ಇರಲಿ ಎಂದು ಎಳೆದ ಒಂದು ಎಳೆತಕ್ಕೆ ಮರೆ ಹೋಗುತ್ತದೆ, ಸಂಪನ್ನೇ ಬದಲಿಸಬೇಕಾಗಬಹುದು.

ನಮ್ಮ ಕಡೆ ಇನ್ನೊಂದು ಅಭ್ಯಾಸ ಉಂಟು. ತುಕ್ಕು ಹಿಡಿಯದಿರಲೆಂದು ಚಕ್ರದ ಸ್ಟಡ್ಡಿಗೆ (ನಟ್ಟು ಕೂರುವ, ಹಬ್ಬಿನಿಂದ ಹೊರಚಾಚಿದ ಬೋಲ್ಟಿಗೆ) ಗ್ರೀಸ್ ಹಚ್ಚುವುದು. ಉದ್ದೇಶ ಒಳ್ಳೆಯದೇ. ಆದರೆ ಕೈಪಿಡಿಯ ಅಂಕಿ ಒಣ ಮರೆಗೆ ಕೊಟ್ಟದ್ದು. ಟಾರ್ಕಿನ ದೊಡ್ಡ ಪಾಲು ತಿಕ್ಕಾಟಕ್ಕೇ ಖರ್ಚಾಗುತ್ತದೆ. ಗ್ರೀಸ್ ಹಚ್ಚಿದರೆ ತಿಕ್ಕಾಟ ಇಳಿದು, ಅದೇ ಅಂಕಿಗೆ ಸ್ಟಡ್ ಬೇಕಾದ್ದಕ್ಕಿಂತ ಬಹಳ ಹೆಚ್ಚು ಎಳೆದುಕೊಳ್ಳುತ್ತದೆ, ತುಂಡಾಗುವುದೂ ಉಂಟು. ಹಚ್ಚಬೇಕಾದದ್ದು ಬೇರೆ ಕಡೆ: ಚಕ್ರ ಬಿಚ್ಚಿದಾಗ ಹಬ್ಬಿನ ನಡುವಿನ ಉಬ್ಬು ಭಾಗವನ್ನೂ ಚಕ್ರ ಕೂರುವ ಮುಖವನ್ನೂ ತಂತಿ ಬ್ರಷ್ಷಿನಲ್ಲಿ ಉಜ್ಜಿ, ನಡುವಿನ ಉಬ್ಬಿಗೆ ಮಾತ್ರ ಅಂಟುನಿರೋಧಕ ಪೇಸ್ಟನ್ನು ಬೆರಳಲ್ಲಿ ತೆಳುವಾಗಿ ಸವರಿ. ಮುಂದಿನ ಮಳೆಗಾಲದಲ್ಲಿ ಚಕ್ರಕ್ಕೆ ಒದೆಯಬೇಕಾಗುವುದಿಲ್ಲ. ಸ್ಟಡ್ಡಿನ ಮರೆಯನ್ನು ತಂತಿ ಬ್ರಷ್ಷಿನಲ್ಲಿ ಒಣಗಾಗಿ ಉಜ್ಜಿದರೆ ಸಾಕು. ಟೈರ್ ಅಂಗಡಿಯಿಂದ ಬಂದ ದಿನ ಮನೆಯಲ್ಲಿ ಎಲ್ಲ ನಟ್ಟನ್ನೂ ಒಮ್ಮೆ ಸಡಿಲಿಸಿ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿದುಬಿಡಿ. ರಸ್ತೆಬದಿಯ ಕತ್ತಲಲ್ಲಿ ಹೆಂಡತಿಯೋ ಮಗಳೋ ಅದನ್ನು ಬಿಚ್ಚಬೇಕಾಗಿ ಬಂದರೆ ಅವರ ಕೈಯಲ್ಲೂ ಆಗಬೇಕಲ್ಲ.

ಜಾಕಿಯ ಅಡಿಯ ನೆಲ

ಹತ್ಯಾರುಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು ಇದೊಂದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಕಾರಿನ ಜತೆ ಬರುವ ಕತ್ತರಿ ಜಾಕಿ ಇರುವುದು ಚಕ್ರ ಬದಲಿಸಲಿಕ್ಕೆ. ಅದರ ಮೇಲೆ ನಿಂತ ಕಾರಿನ ಅಡಿಗೆ ತಲೆಯಾಗಲಿ ಕೈಯಾಗಲಿ ಹಾಕಬಾರದು. ಅಡಿಯಲ್ಲಿ ಕೆಲಸ ಉಂಟು ಎಂದಾದರೆ ಎರಡು ಆಕ್ಸಲ್ ಸ್ಟ್ಯಾಂಡ್ ಬೇಕೇ ಬೇಕು. ಎರಡು ಅಥವಾ ಮೂರು ಟನ್ ಎಂದು ಬರೆದದ್ದು. ಜಾಕಿ ಎತ್ತಲಿಕ್ಕೆ, ಸ್ಟ್ಯಾಂಡ್ ಹೊರಲಿಕ್ಕೆ.

ನಮ್ಮ ಅಂಗಳಗಳು ಕೆಂಪು ಮಣ್ಣಿನವು. ಬೇಸಿಗೆಯಲ್ಲಿ ಕಲ್ಲಿನ ಹಾಗಿರುವ ಮಣ್ಣು ಜೂನ್ ಕಳೆದರೆ ಬೆಣ್ಣೆಯಾಗುತ್ತದೆ. ಸಣ್ಣ ಕಾರಿನ ಒಂದು ಮೂಲೆ ಎತ್ತಿದಾಗ ಜಾಕಿಯ ಮೇಲೆ ಹೆಚ್ಚು ಕಡಿಮೆ 300 ಕೆಜಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಜಾಕಿಯ ಪಾದ ಅಂಗೈ ಅಗಲ, ಸುಮಾರು 100 ಚದರ ಸೆಂಟಿಮೀಟರ್. ಅಂದರೆ ಒಂದೊಂದು ಚದರ ಸೆಂಟಿಮೀಟರಿಗೆ 3 ಕೆಜಿ. ಅದೇ ಪಾದದ ಅಡಿಗೆ 30 ಸೆಂಟಿಮೀಟರ್ ಉದ್ದ ಅಗಲದ ದಪ್ಪ ಹಲಗೆ ಇಟ್ಟರೆ ಭಾರ 900 ಚದರ ಸೆಂಟಿಮೀಟರಿಗೆ ಹರಡಿ ಒತ್ತಡ ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಒಂದಿಂಚಿಗೆ ಕಡಿಮೆಯಿಲ್ಲದ ದಪ್ಪದ, ಗಟ್ಟಿ ಮರದ ಹಲಗೆಯ ತುಂಡೊಂದನ್ನು ಡಿಕ್ಕಿಯಲ್ಲಿ ಯಾವಾಗಲೂ ಇಟ್ಟುಕೊಳ್ಳಿ. ಬಡಗಿಯ ಹತ್ತಿರ ಕೇಳಿದರೆ ಹಾಗೇ ಕೊಡುತ್ತಾರೆ.

ಇನ್ನು ಸ್ಟ್ಯಾಂಡ್ ಇಲ್ಲ ಎಂದು ಅಂಗಳದ ಮೂಲೆಯಲ್ಲಿ ಬಿದ್ದ ಮುರಕಲ್ಲನ್ನು (ಮನೆ ಕಟ್ಟುವ ಕೆಂಪು ಕಲ್ಲನ್ನು) ಕಾರಿನ ಅಡಿಗೆ ಕೊಡುವವರನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಬೇಡ. ಮನೆಯ ಗೋಡೆಯನ್ನು ಅದು ಹೊರುತ್ತದೆ, ನಿಜ. ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಸಮವಾಗಿ ಬೀಳುತ್ತದೆ. ಕಾರಿನ ಅಡಿಯ ತಗಡಿನ ಅಂಚು ಚೂರಿಯ ಹಾಗೆ ಒಂದು ಗೆರೆಯಲ್ಲಿ ಒತ್ತುತ್ತದೆ. ರಂಧ್ರಗಳೇ ತುಂಬಿದ, ನೀರು ಕುಡಿದು ಮೆತ್ತಗಾದ ಮುರಕಲ್ಲು ಮುನ್ಸೂಚನೆ ಕೊಡದೆ ಬಿರಿಯುತ್ತದೆ. ಕಾಂಕ್ರೀಟಿನ ಟೊಳ್ಳು ಬ್ಲಾಕೂ ಹಾಗೆಯೇ.

ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಹಿಂದೂ ಮುಂದೂ ಮರದ ಬೆಣೆ ಕೊಡಿ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನದನ್ನೇ ಮೇಲೆತ್ತಿದಾಗ ಅದನ್ನು ನಂಬುವ ಹಾಗಿಲ್ಲ. ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ ಆಮೇಲೆ ಎತ್ತಬೇಕು. ಅಡಿಗೆ ಹೋಗುವ ಮೊದಲು ಕಣ್ಣಿಗೆ ಕನ್ನಡಕ ಹಾಕಿ. ಕರಾವಳಿಯ ಕಾರಿನ ಅಡಿಯಿಂದ ಉದುರುವ ತುಕ್ಕಿನ ಪುಡಿ ನೇರ ಕಣ್ಣಿಗೇ ಬೀಳುವುದು. ತಲೆಗೆ ಕಟ್ಟುವ ಟಾರ್ಚ್ ಇದ್ದರೆ ಎರಡೂ ಕೈ ಬಿಡುವಾಗಿರುತ್ತದೆ.

ಮೀಟರ್ ಹೇಳುವ ಮಾತು

ಬ್ಯಾಟರಿ ಸತ್ತಿದೆ ಎಂದ ಕೂಡಲೇ ಹೊಸದು ಕೊಳ್ಳುವ ಮೊದಲು ಒಂದು ಸಾದಾ ಮಲ್ಟಿಮೀಟರ್ ಕೊಂಡುಕೊಳ್ಳಿ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್ಸಿಗೂ ಕಪ್ಪನ್ನು ಮೈನಸ್ಸಿಗೂ ತಾಗಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಚಾಲೂ ಮಾಡಿ ಮತ್ತೆ ನೋಡಿದರೆ 13.8ರಿಂದ 14.4ರ ಸುಮಾರಿಗೆ ಬರಬೇಕು. 12ರಲ್ಲೇ ನಿಂತರೆ ತಪ್ಪು ಬ್ಯಾಟರಿಯದ್ದಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದ್ದು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರ್ ಚಾರ್ಜನ್ನು ಬೇಕೆಂದಾಗ ಏರಿಸಿ ಇಳಿಸುವುದರಿಂದ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಇಲ್ಲಿ ಮನೆಗೊಬ್ಬರು ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಊರಿಗೆ ಬಂದಾಗ ಓಡಿಸಲೆಂದು ಇಟ್ಟ ಕಾರು ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿರುತ್ತದೆ, ಬಂದ ದಿನ ಚಾಲೂ ಆಗುವುದಿಲ್ಲ. ಲೆಕ್ಕ ಸರಳ. ಬೀಗ ಹಾಕಿದ ಕಾರಿನಲ್ಲೂ ಗಡಿಯಾರ, ಅಲಾರಂ ಎಂದು 50 ಮಿಲಿಆಂಪಿಯರ್‌ವರೆಗೆ ಸೋರಿಕೆ ಸಹಜ. ದಿನಕ್ಕೆ 1.2 ಆಂಪಿಯರ್ ಅವರ್ ಆಯಿತು. 35 ಆಂಪಿಯರ್ ಅವರ್ ಬ್ಯಾಟರಿ 29 ದಿನಕ್ಕೆ ಪೂರ್ತಿ ಬರಿದಾಗುತ್ತದೆ, ಎಂಜಿನ್ ತಿರುಗಿಸುವ ಶಕ್ತಿ ಅದಕ್ಕೂ ಮೊದಲೇ ಹೋಗಿರುತ್ತದೆ. ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮಿನ ತಪ್ಪು ವೈರಿಂಗಿನಿಂದ ಸೋರಿಕೆ 300 ಮಿಲಿಆಂಪಿಯರಿಗೆ ಏರಿದ್ದರೆ ಐದೇ ದಿನ. ವಿಮಾನ ಹತ್ತುವ ಮೊದಲು 10ರ ಸ್ಪ್ಯಾನರಿನಲ್ಲಿ ಮೈನಸ್ ಕೇಬಲ್ ಬಿಚ್ಚಿಟ್ಟು ಹೋದರೆ ಈ ತಾಪತ್ರಯವೇ ಇಲ್ಲ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಮೈಯೆಲ್ಲ ಮೈನಸ್ಸಿಗೆ ಸೇರಿರುತ್ತದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾನೆಟ್ಟಿನ ತಗಡಿಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ, ಬ್ಯಾಟರಿಯ ಹತ್ತಿರ ಹೈಡ್ರೋಜನ್ ಅನಿಲ ಇದ್ದರೆ ಸಿಡಿಯಲೂಬಹುದು. ಮೈನಸ್ ಮೊದಲೇ ತೆಗೆದಿದ್ದರೆ ಆ ಮಾರ್ಗವೇ ಕಡಿದುಹೋಗಿರುತ್ತದೆ. ಟರ್ಮಿನಲ್ಲಿನ ಮೇಲೆ ಬಿಳಿ ನೀಲಿ ಹಿಟ್ಟು ಕಟ್ಟಿದ್ದರೆ, ಕೇಬಲ್ ಎರಡನ್ನೂ ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಹಚ್ಚಿ. ನೊರೆ ಬಂದು ಹೋಗುತ್ತದೆ. ಒರೆಸಿ, ಒಣಗಿಸಿ, ಕೇಬಲ್ ಬಿಗಿದ ಮೇಲೆ ವ್ಯಾಸಲೀನ್ ಸವರಿ.

ಇನ್ನೊಂದು ಮೀಟರ್ ಒಬಿಡಿ ಸ್ಕ್ಯಾನರ್, ಕಾರಿನ ಕಂಪ್ಯೂಟರ್ ಗುರುತಿಸಿದ ದೋಷವನ್ನು ಓದುವ ಸಾಧನ. ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಭಾರತದಲ್ಲಿ 2013ರ ಏಪ್ರಿಲಿನಿಂದ ಒಬಿಡಿ-2 ವ್ಯವಸ್ಥೆ ಕಡ್ಡಾಯವಾದ್ದರಿಂದ ಆಮೇಲಿನ ಕಾರುಗಳಲ್ಲೆಲ್ಲ ಇದು ಕೆಲಸ ಮಾಡುತ್ತದೆ. ಬ್ಲೂಟೂತಿನ ಸಣ್ಣ ಸ್ಕ್ಯಾನರನ್ನು ಅದಕ್ಕೆ ಸಿಕ್ಕಿಸಿದರೆ ಮೊಬೈಲಿನಲ್ಲಿ ದೋಷದ ಸಂಖ್ಯೆ ಕಾಣುತ್ತದೆ. ಆದರೆ ಆ ಸಂಖ್ಯೆ ಯಾವ ಬಿಡಿಭಾಗ ಹಾಳಾಗಿದೆ ಎಂದು ಹೇಳುವುದಿಲ್ಲ, ಎಲ್ಲಿ ಹುಡುಕಬೇಕು ಎಂದಷ್ಟೇ ಹೇಳುತ್ತದೆ. ಒಂದು ಉದಾಹರಣೆ: ಮಳೆಗಾಲದ ಬೆಳಿಗ್ಗೆ ಎಂಜಿನ್ ಕುಲುಕಿ, ಹಳದಿ ದೀಪ ಹತ್ತಿ, ಸ್ಕ್ಯಾನರಿನಲ್ಲಿ ಪಿ0301 ಬಂತು ಎಂದುಕೊಳ್ಳಿ. ಒಂದನೇ ಸಿಲಿಂಡರಿನಲ್ಲಿ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಕಿಡಿ ಹಾರಿಸಲು ಪ್ಲಗ್ಗಿಗೆ ವಿದ್ಯುತ್ತು ಕೊಡುವ ಕಾಯಿಲ್ ಹೋಗಿರಬಹುದು, ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು. ಎಂಜಿನ್ ತಣಿದ ಮೇಲೆ ಒಂದನೇ ಕಾಯಿಲನ್ನು ಬಿಚ್ಚಿ ಎರಡನೆಯದಕ್ಕೆ ಹಾಕಿ, ಎರಡನೆಯದನ್ನು ಒಂದಕ್ಕೆ ಹಾಕಿ, ಸಂಖ್ಯೆ ಅಳಿಸಿ ಓಡಿಸಿ. ಈ ಸಲ ಪಿ0302 ಬಂದರೆ ಕಾಯಿಲೇ ಅಪರಾಧಿ. ಪಿ0301 ಅಲ್ಲೇ ಉಳಿದರೆ ಪ್ಲಗ್ಗನ್ನು ಹಾಗೆಯೇ ಅದಲು ಬದಲು ಮಾಡಿ ನೋಡಿ. ಅದಕ್ಕೆ ಒಳಗೆ ರಬ್ಬರ್ ಅಥವಾ ಅಯಸ್ಕಾಂತ ಇರುವ ಉದ್ದದ ಪ್ಲಗ್ ಸಾಕೆಟ್ ಬೇಕು, 16 ಅಥವಾ 14ರದ್ದು. ಒಂದು ಪೈಸೆಯ ಬಿಡಿಭಾಗ ಕೊಳ್ಳದೆ ಅರ್ಧ ಗಂಟೆಯಲ್ಲಿ ರೋಗ ಪತ್ತೆ.

ಗಾಳಿಯ ಗೇಜ್ ಒಂದು ಸ್ವಂತದ್ದು ಇರಲಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆದು, ಡ್ರೈವರ್ ಬಾಗಿಲಿನ ಬಳಿಯ ಚೀಟಿಯಲ್ಲಿರುವ ಅಂಕಿಗೆ ಸರಿಮಾಡಿ. ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾಯಬೇಡಿ. ಅದು ಕೊನೆಯ ಮಿತಿ. ನಮ್ಮ ಮಳೆಗೆ 3 ಮಿಲಿಮೀಟರ್ ಇರುವಾಗಲೇ ಬದಲಿಸುವುದು ಕ್ಷೇಮ.

ಕೈ ಹಾಕಬಾರದ ಕಡೆ

ಆಯಿಲ್ ಬದಲಿಸುವುದು ಮನೆಯಲ್ಲಿ ಧಾರಾಳವಾಗಿ ಮಾಡಬಹುದಾದ ಕೆಲಸ: ಅಗಲ ಬಾಯಿಯ ತೊಟ್ಟಿ, ಫಿಲ್ಟರ್ ರೆಂಚ್, ಕೊಳವೆ, ಹೊಸ ವಾಶರ್, ನೈಟ್ರೈಲ್ ಕೈಗವಸು. ಆದರೆ ಹಳೆಯ ಆಯಿಲನ್ನು ತೋಟದ ಮೂಲೆಗೆ ಚೆಲ್ಲಬೇಡಿ. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಬಾವಿ ಉಂಟು, ಮುರಕಲ್ಲಿನ ನೆಲ ಜರಡಿಯ ಹಾಗೆ. ಇಂದು ಚೆಲ್ಲಿದ್ದು ನಾಳೆ ಕೊಡಪಾನಕ್ಕೆ ಬರುತ್ತದೆ. 2016ರ ನಿಯಮಗಳ ಪ್ರಕಾರವೂ ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಖಾಲಿ ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ಅದು ಮರುಬಳಕೆಗೆ ಹೋಗುತ್ತದೆ.

ಬ್ರೇಕ್ ಪ್ಯಾಡಿನ ದಪ್ಪ ಟಾರ್ಚ್ ಹಾಕಿ ನೋಡುವುದು ನಿಮ್ಮ ಕೆಲಸ, 3 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು. ಬ್ರೇಕ್ ಎಣ್ಣೆ ಬದಲಿಸುವುದು ಮಾತ್ರ ಅನುಭವಿಯ ಕೈಯಲ್ಲಿ ಆಗಲಿ. ಆ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ, ನಮ್ಮ ಊರಿನಲ್ಲಿ ಗಾಳಿಯೇ ಒದ್ದೆ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸತಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಮಾನದಂಡ ಕೇಳುವುದು 155 ಮಾತ್ರ. ಆಗುಂಬೆಯ 14 ತಿರುವುಗಳಲ್ಲಿ ಬ್ರೇಕ್ ಒತ್ತುತ್ತಾ ಸೋಮೇಶ್ವರಕ್ಕೆ ಇಳಿಯುವಾಗ ಎಣ್ಣೆ ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ಹಳದಿ ಕವಚದ ವೈರು ಏರ್‌ಬ್ಯಾಗಿನದ್ದು, ಕಿತ್ತಳೆ ಬಣ್ಣದ್ದು ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಹೈ ವೋಲ್ಟೇಜ್. ಎರಡನ್ನೂ ಮುಟ್ಟಬೇಡಿ. ಎ.ಸಿ. ಗ್ಯಾಸ್, ಟೈಮಿಂಗ್ ಚೈನ್ ಕೂಡ ಗ್ಯಾರೇಜಿಗೇ ಇರಲಿ.

ಕೊನೆಗೆ, ಕಾರಿಗೆ ಹಿಡಿಯುವ ತುಕ್ಕು ಹತ್ಯಾರಿಗೂ ಹಿಡಿಯುತ್ತದೆ. ಕ್ರೋಮಿನ ಲೇಪ ಒಂದು ಕಡೆ ಎದ್ದರೆ ಅಲ್ಲಿಂದ ಹರಡುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಶೆಡ್ಡಿನಲ್ಲಿ ಬಿಡದೆ ಮನೆಯೊಳಗಿಡಿ. ಒದ್ದೆ ಕೈಯಲ್ಲಿ ಮುಟ್ಟಿದ್ದನ್ನು ಹಾಗೇ ಒಳಗೆ ಹಾಕಬೇಡಿ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿದ ಹಳೆ ಪಂಚೆಯ ತುಂಡಿನಿಂದ ಒರೆಸಿ ಇಡಿ. ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಹೇಗೂ ಎಲ್ಲವನ್ನೂ ಹೊರಗೆ ತೆಗೆಯುತ್ತೇವೆ. ಮಳೆ ಹಿಂದೆ ಸರಿದು ಬಿಸಿಲು ಬಂದಿರುತ್ತದೆ. ಕುಂಕುಮ ಇಡುವ ಮೊದಲು ರ್‍ಯಾಚೆಟ್ಟಿನ ಹಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಸಾಕೆಟುಗಳ ಒಳಬದಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತೇನೆ. ಬಿರುಕು ಬಿಟ್ಟದ್ದು ಸಿಕ್ಕಿದರೆ ಬಾಳೆಲೆಗೆ ಇಡದೆ ಅಂದೇ ಗುಜರಿಗೆ ಹಾಕಿಬಿಡುತ್ತೇನೆ.